ಔಷಧಿಯ ಮೇಲಿಟ್ಟ ದರ್ಭೆ

ಶಾಂತಮೂರ್ತಿಯಾದ ಗುರುವಿನ ಕಥೆ ಬೇಕಾದವರು ಇದನ್ನು ಇಲ್ಲಿಗೇ ಬಿಡಬಹುದು. ಈ ಗುರುವಿಗೆ ಮೂಗಿನ ತುದಿಯಲ್ಲೇ ಸಿಟ್ಟು.

ಹೆಸರು ಅಡಿವೆಪ್ಪಜ್ಜ. ಘಟಪ್ರಭಾ ನದಿಯ ದಂಡೆಗೆ ಅವರ ಆಶ್ರಮ. ಆಶ್ರಮವೆಂದರೆ ಒಂದು ಗುಡಿ, ಒಂದು ಪಡಸಾಲೆ, ನದಿಗೆ ಇಳಿಯಲು ಕಲ್ಲಿನ ಪಾವಟಿಗೆ. ಸುತ್ತಲಿನ ಊರಿನವರು ಅಜ್ಜಾರು ಎಂದು ಕರೆಯುತ್ತಿದ್ದರು, ಬೈಸಿಕೊಂಡು ಹೋಗುತ್ತಿದ್ದರು, ಮತ್ತೆ ಬರುತ್ತಿದ್ದರು.

ಅವರ ಶಿಷ್ಯ ವಾಮನ. ಧಾರವಾಡದ ಕಡೆಯವನು, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವನು. ತಾಯಿ ತೀರಿಕೊಂಡ ಮೇಲೆ ಕೆಲಸ ಬಿಟ್ಟು ಬಂದು ಅಜ್ಜನ ಕಾಲು ಹಿಡಿದ. ಕೆಟ್ಟವನಲ್ಲ. ಬುದ್ಧಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

ಬಂದ ಹೊಸದರಲ್ಲಿ ಅವನು ಒಂದು ದಿನ ದೀಪ, ಚೆಂಡು, ನಿಂಬೆಹಣ್ಣು ಇಟ್ಟು ಗ್ರಹಣ ಹೇಗೆ ಆಗುತ್ತದೆಂದು ಅಜ್ಜನಿಗೆ ತೋರಿಸಿದ್ದ. ಅಜ್ಜ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ನಿಂಬೆಹಣ್ಣಿನ ನೆರಳು ಚೆಂಡಿನ ಮೇಲೆ ಬೀಳುವುದನ್ನು ನೋಡಿ ಹಿಗ್ಗಿದರು. ತಾವೇ ಹಣ್ಣನ್ನು ಹಿಂದೆ ಮುಂದೆ ಸರಿಸಿ ನೋಡಿದರು.

"ಇಂಥಾದ್ದು ಹೇಳು ಮಂದಿಗೆ. ಎಷ್ಟ್ ಚಂದ ಐತಿ!"

ವಾಮನ ಸಂಜೆಯ ಪ್ರವಚನದಲ್ಲಿ ಅದನ್ನೇ ಹೇಳಿದ. ಜನ ಆಕಳಿಸಿದರು. ಹಿಂದಿನ ಸಾಲಿನವರು ಎದ್ದು ಹೋದರು.

ಮರುದಿನ ಅವನು ಬೇರೆ ಹಾದಿ ಹಿಡಿದ. ಗುಡಿಯ ಗಂಟೆ ಬಾರಿಸಿದರೆ ಅದರ ತರಂಗ ಮಿದುಳಿನ ಎರಡು ಭಾಗಗಳನ್ನು ಕೂಡಿಸುತ್ತದೆ ಎಂದ. ಜನ ನೆಟ್ಟಗೆ ಕೂತರು. ಹಣೆಗೆ ಕುಂಕುಮ ಇಟ್ಟರೆ ನರ ಶಾಂತವಾಗುತ್ತದೆ ಎಂದ. ತಲೆದೂಗಿದರು. ಪ್ರದಕ್ಷಿಣೆ ಹಾಕಿದರೆ ಭೂಮಿಯ ಕಾಂತಶಕ್ತಿ ಮೈಗೆ ಇಳಿಯುತ್ತದೆ ಎಂದ. ಆ ವಾರ ಪಡಸಾಲೆ ಸಾಲಲಿಲ್ಲ. ಪೇಟೆಯಿಂದ ಬಂದವರು ಅವನ ಮಾತನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋದರು.

ಅಜ್ಜ ಅವನನ್ನು ಕರೆದರು.

"ಗಂಟಿ ಬಾರಿಸಿದ್ರ ಮಿದುಳು ಕೂಡ್ತೈತಿ ಅಂದಿ. ಯಾರು ನೋಡ್ಯಾರ?"

"ಸಂಶೋಧನೆ ಆಗೇದ, ಅಜ್ಜಾ."

"ಎಲ್ಲಿ?"

"ಎಲ್ಲ್ಯೋ ಹೊರದೇಶದಾಗ."

"ನೀ ಓದಿಯೇನು?"

ವಾಮನ ತಡವರಿಸಿದ. "ಓದಿಲ್ಲ. ಯಾರೋ ಹೇಳಿದ್ದು ಕೇಳೇನಿ."

"ಕಾಲೇಜಿನ್ಯಾಗ ಹುಡುಗೂರು ಪರೀಕ್ಷಾದಾಗ ಹಿಂಗ ಬರದ್ರ ಎಷ್ಟ್ ಮಾರ್ಕ್ಸ್ ಕೊಡ್ತಿದ್ದಿ?"

ವಾಮನನಿಗೆ ನಗು ಬಂತು. "ಸೊನ್ನೆ."

ಅಜ್ಜ ನಗಲಿಲ್ಲ.

"ಹುಡುಗೂರಿಗೆ ಸೊನ್ನಿ. ನೀ ದೇವರ ಮುಂದ ಕುಂತು ಅದನ್ನ ಹೇಳಿದ್ರ ಶಾಲು, ಹಾರ. ಹೌದಿಲ್ಲೋ?"

"ಅಜ್ಜಾ, ಈಗಿನ ಮಂದಿ ಬರೇ ನಂಬಿಕಿ ಅಂದ್ರ ಕೇಳೂದಿಲ್ಲ. ಸೈನ್ಸ್ ಅಂದ್ರ ಕೇಳ್ತಾರ. ಕಲಿತವ್ರು ಗುಡಿಗೆ ಬರ್ಲಿ ಅಂತ ಹೇಳ್ತೇನಿ. ಧರ್ಮ ಒಂದು ಕಡೆ, ವಿಜ್ಞಾನ ಒಂದು ಕಡೆ ಅಂತ ಎಷ್ಟು ದಿನಾ ಜಗಳಾಡೋದು? ಎರಡರ ಸಮನ್ವಯ ಆಗಬೇಕು."

"ಅಂದ್ರ ದೇವರಿಗೆ ನೀ ಜಾಮೀನು ನಿಂತಿ."

"ಹಂಗಲ್ಲ, ಅಜ್ಜಾ..."

"ಎದ್ದು ಹೋಗು. ಸಿಟ್ಟು ಬರಾಕತ್ತೈತಿ."

ವಾಮನ ಎದ್ದು ಹೋದ. ಪ್ರವಚನ ಮಾತ್ರ ನಿಲ್ಲಲಿಲ್ಲ. ಅಜ್ಜ ಬೈಯುವವರೇ ಹೊರತು ಯಾರ ಬಾಯಿಗೂ ಬೀಗ ಹಾಕುವವರಲ್ಲ. ಅವತ್ತೇ ಹಾಕಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆ ವರ್ಷ ಒಂದು ಅಮಾವಾಸ್ಯೆಗೆ ಸೂರ್ಯಗ್ರಹಣ ಬಂತು. ಬೆಳಿಗ್ಗೆ ಹಿಡಿದು ಮಧ್ಯಾಹ್ನಕ್ಕೆ ಬಿಡುವ ಗ್ರಹಣ.

ಗ್ರಹಣ ಬಂದರೆ ಅಜ್ಜನದೊಂದು ನೇಮ. ಹಿಂದಿನ ಸಂಜೆಯೇ ಮೌನ ಹಿಡಿದು ಒಳಗಿನ ಕೋಣೆ ಸೇರುತ್ತಿದ್ದರು. ಅನ್ನವಿಲ್ಲ, ನೀರಿಲ್ಲ. ಗ್ರಹಣ ಹಿಡಿದಾಗ ನದಿಗಿಳಿದು ಎದೆಮಟ್ಟದ ನೀರಿನಲ್ಲಿ ಕಣ್ಣು ಮುಚ್ಚಿ ನಿಂತರೆ, ಅದು ಬಿಡುವ ತನಕ ನಿಂತೇ ಇರುತ್ತಿದ್ದರು. ಬುದ್ಧಿ ತಿಳಿದಾಗಿನಿಂದ ಈ ನೇಮ ತಪ್ಪಿರಲಿಲ್ಲ. ಬೇರೆಯವರೂ ಹೀಗೆ ಮಾಡಲಿ ಎಂದು ಮಾತ್ರ ಅವರು ಯಾವತ್ತೂ ಹೇಳಿದವರಲ್ಲ.

ಹಾಗಾಗಿ ಆ ಸಂಜೆ ಪಡಸಾಲೆಯಲ್ಲಿ ವಾಮನನದೇ ದರ್ಬಾರು.

ಗ್ರಹಣದ ದಿನ ಉಣ್ಣದೆ ಇರುವುದು, ಅಡುಗೆಯ ಮೇಲೆ, ನೀರಿನ ಕೊಡದ ಮೇಲೆ ದರ್ಭೆ ಹುಲ್ಲಿನ ಎಸಳು ಇಡುವುದು ಅಲ್ಲಿಗೆ ಬಂದವರ ಮನೆಯ ರೂಢಿ. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ವಾಮನ ಯಾಕೆಂದು ಹೇಳಲು ಕೂತ.

"ನಮ್ಮ ಹಿರಿಯರು ದಡ್ಡರಲ್ಲ. ಗ್ರಹಣದ ಹೊತ್ತಿನಾಗ ಸೂರ್ಯನ ಕಿರಣ ಬದಲಾಗ್ತಾವ. ಅನ್ನದಾಗ ಕ್ರಿಮಿ ಹುಟ್ಟತಾವ. ದರ್ಭೆಗೆ ಆ ಕಿರಣ ತಡಿಯೋ ಶಕ್ತಿ ಅದ. ಇದು ಮೂಢನಂಬಿಕಿ ಅಲ್ಲ. ಪಕ್ಕಾ ಸೈನ್ಸ್."

ಚಪ್ಪಾಳೆ ಬಿತ್ತು.

ಚಪ್ಪಾಳೆ ನಿಂತ ಮೇಲೆ ಒಬ್ಬ ಹೆಂಗಸು ಎದ್ದು ನಿಂತಳು. ಸಾವಂತ್ರೆವ್ವ, ಆಚೆ ದಂಡೆಯ ಊರಿನವಳು. ಅಂಗನವಾಡಿಯಲ್ಲಿ ಮಕ್ಕಳಿಗೆ ಕಲಿಸಿ ನಿವೃತ್ತಳಾದವಳು. ದೊಡ್ಡವರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಸ್ವಭಾವ. ಪಕ್ಕದಲ್ಲಿ ಮಗಳು ಶೋಭಾ ಕೂತಿದ್ದಳು.

"ಸರ, ನನಗ ಶುಗರ್ ಐತ್ರಿ. ಈಗೀಗ ಮುಂಜಾನೆ, ಸಂಜಿಮುಂದ ಇನ್ಸುಲಿನ್ ಸೂಜಿ ಚುಚ್ಕೋತೀನಿ. ನಾಳೆ ನಾ ಏನ್ ಮಾಡ್ಲಿರಿ?"

ಎಲ್ಲರೂ ವಾಮನನ ಬಾಯಿ ನೋಡಿದರು.

ನನಗೆ ಗೊತ್ತಿಲ್ಲ, ಡಾಕ್ಟರನ್ನು ಕೇಳಿ ಎನ್ನಬಹುದಿತ್ತು. ಅಷ್ಟೇ ಸಾಕಿತ್ತು. ಆದರೆ ಅಷ್ಟು ಜನ ಬಾಯಿ ನೋಡುತ್ತ ಕೂತಾಗ ಆ ಮಾತು ಗಂಟಲಿನಿಂದ ಮೇಲೆ ಬರುವುದಿಲ್ಲ.

"ಔಷಧ ಅಂದ್ರ ಊಟ ಅಲ್ಲಮ್ಮಾ. ಸೂಜಿ ತಪ್ಪಸಬ್ಯಾಡ್ರಿ, ಅದು ವಿಜ್ಞಾನ. ಗ್ರಹಣ ಬಿಡೋತನಕಾ ಉಣಬ್ಯಾಡ್ರಿ, ಅದು ಧರ್ಮ. ಔಷಧದ ಬಾಟ್ಲಿ ಮ್ಯಾಲೂ ಒಂದು ದರ್ಭೆ ಇಡ್ರಿ. ಎರಡೂ ಪಾಲಿಸಿದಂಗ ಆಗ್ತದ."

"ಎಷ್ಟ್ ಚಂದ ಬಿಡಿಸಿ ಹೇಳಿದ್ರು ನೋಡ್ರಿ," ಎಂದರು ಯಾರೋ.

ಶೋಭಾ ತಾಯಿಯ ಸೆರಗು ಎಳೆದಳು. "ಅವ್ವಾ, ಸೂಜಿ ಚುಚ್ಕೊಂಡ ಮ್ಯಾಲ ಉಣ್ಣಾಕಬೇಕು ಅಂತ ಡಾಕ್ಟರ್ ಹೇಳ್ಯಾರಲ್ಲ?"

"ಸುಮ್ನ ಕುಂದ್ರ. ಸರ್ ಸೈನ್ಸ್ ಓದ್ಯಾರ."

ಶೋಭಾಳ ಮಾತು ವಾಮನನ ಕಿವಿಗೆ ಬಿತ್ತು. ಅವನು ಮುಂದಿನ ಪ್ರಶ್ನೆಗೆ ಹೊರಳಿದ.

ಮರುದಿನ ಬೆಳಿಗ್ಗೆ ನದಿಯ ದಂಡೆ ತುಂಬ ಜನ. ಗಂಡಸರು ನೀರಿನಲ್ಲಿ, ಹೆಂಗಸರು ಪಾವಟಿಗೆಗಳ ಮೇಲೆ. ಅಜ್ಜ ಎಲ್ಲರಿಗಿಂತ ಮುಂದೆ, ಎದೆಮಟ್ಟದ ನೀರಿನಲ್ಲಿ ಕಣ್ಣು ಮುಚ್ಚಿ ನಿಂತಿದ್ದರು.

ಸಾವಂತ್ರೆವ್ವ ಬೆಳಿಗ್ಗೆಯೇ ಎದ್ದು ಬಾಟಲಿಯ ಮೇಲಿಟ್ಟ ದರ್ಭೆ ತೆಗೆದು, ಸೂಜಿ ಚುಚ್ಚಿಕೊಂಡು, ಮತ್ತೆ ದರ್ಭೆ ಇಟ್ಟು ಬಂದಿದ್ದಳು. ಹಿಂದಿನ ಸಂಜೆ ಉಂಡ ಮೇಲೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಸೂರ್ಯ ಅರ್ಧ ಮುಚ್ಚಿದ. ಬಿಸಿಲಿನ ಬಣ್ಣ ಸಪ್ಪಗಾಯಿತು.

ಮೊದಲು ಅವಳ ಕೈ ನಡುಗಿತು. ಆಮೇಲೆ ಮುಖದ ಮೇಲೆ ಬೆವರು ಒಡೆಯಿತು. ಸೆರಗು ಜಾರಿದ್ದು ಅವಳಿಗೆ ತಿಳಿಯಲಿಲ್ಲ. ಇದ್ದಕ್ಕಿದ್ದಂತೆ ಗಟ್ಟಿಯಾಗಿ ನಕ್ಕಳು. ಶೋಭಾ ತೋಳು ಹಿಡಿದಾಗ ಕೊಸರಿಕೊಂಡು ಕೂಗಿದಳು:

"ಯಾರ ನೀ? ನನ್ನ ಮನ್ಯಾಗ ಯಾಕ ಬಂದಿ? ಹೊರಗ ನಡಿ!"

ಊರಿನ ಹಿರಿಯ ಬಸಗೌಡ ನೀರಿನಿಂದ ಮೇಲೆ ಬಂದು ನೋಡಿದ. ನೋಡಿದವನೇ ಕೈ ಮುಗಿದ.

"ತಾಯಿ ಬಂದ್ಲು! ಗ್ರಹಣದಾಗ ತಾಯಿ ಮೈಮ್ಯಾಲ ಬಂದ್ಲು!"

ಹೆಂಗಸರು ಸುತ್ತ ಮುತ್ತಿಕೊಂಡರು. ಒಬ್ಬಳು ಅವಳ ಹಣೆಗೆ ಭಂಡಾರದ ಅರಿಸಿನ ಹಚ್ಚಿದಳು. ಇನ್ನೊಬ್ಬಳು ಕಾಲಿಗೆ ಬಿದ್ದು, ಮಗನಿಗೆ ಕನ್ಯೆ ಯಾವಾಗ ಸಿಗುತ್ತದೆಂದು ಕೇಳಿದಳು. ಸಾವಂತ್ರೆವ್ವ ತೊದಲಿದಳು. ಆ ತೊದಲಿಗೂ ಅವರು ಅರ್ಥ ಹಚ್ಚಿದರು.

ಶೋಭಾ ಜನರನ್ನು ಸೀಳಿಕೊಂಡು ವಾಮನನ ಹತ್ತಿರ ಬಂದಳು.

"ಸರ, ಅವ್ವನ ಮೈ ತಣ್ಣಗಾಗೇತ್ರಿ. ಬೆವರು ನೋಡ್ರಿ. ಏನರ ತಿನಸ್ಲ್ಯಾ?"

ವಾಮನ ಸಾವಂತ್ರೆವ್ವನ ಕಡೆ ನೋಡಿದ. ಅವನಿಗೆ ಗೊತ್ತಾಯಿತು. ಸೂಜಿ ಒಳಗೆ ಹೋಗಿದೆ, ಅನ್ನ ಹೋಗಿಲ್ಲ, ರಕ್ತದಲ್ಲಿ ಸಕ್ಕರೆ ಇಳಿದಿದೆ. ಬಾಯಿ ತೆರೆದ.

ಅಷ್ಟರಲ್ಲಿ ಬಸಗೌಡ ಅವನತ್ತ ತಿರುಗಿದ. "ಸರ, ತಾಯಿ ಮೈಮ್ಯಾಲ ಬರೂದಕ್ಕೂ ಸೈನ್ಸಿನ್ಯಾಗ ಏನರ ಐತಲ್ರಿ? ಹೇಳ್ರಿ ಎಲ್ಲಾರಿಗೂ!"

ಎಲ್ಲರೂ ಹೊರಳಿ ನೋಡಿದರು.

"ಸ್ವಲ್ಪ ತಡೀವಾ," ಎಂದ ವಾಮನ, ಶೋಭಾಗೆ. "ಇನ್ನ ಸ್ವಲ್ಪ ಹೊತ್ತಿಗೆ ಗ್ರಹಣ ಬಿಡ್ತದ."

ಇದನ್ನು ಬರೆಯುವಾಗ ನನಗೆ ಮೈ ಉರಿಯುತ್ತದೆ. ಗೊತ್ತಿಲ್ಲದೆ ಕೊಲ್ಲುವವರನ್ನು ಕ್ಷಮಿಸಬಹುದು. ಇವನಿಗೆ ಗೊತ್ತಿತ್ತು.

ಶೋಭಾ ತಡೆಯಲಿಲ್ಲ. ಪಾವಟಿಗೆ ಇಳಿದು, ಸೀರೆ ತೋಯಿಸಿಕೊಂಡು ನೀರಿಗೆ ನುಗ್ಗಿ ಕೂಗಿದಳು:

"ಅಜ್ಜಾರ! ನಮ್ಮವ್ವ ಸಾಯಾಕತ್ತಾಳ!"

ಅಜ್ಜ ಕಣ್ಣು ಬಿಟ್ಟರು.

ನೀರು ಸುರಿಯುವ ಪಂಚೆಯಲ್ಲೇ ಮೇಲೆ ಬಂದರು. ಎರಡೂ ಕೈಯಿಂದ ಜನರನ್ನು ನೂಕಿ ಹಾದಿ ಮಾಡಿಕೊಂಡರು. ಸಾವಂತ್ರೆವ್ವನ ಕುತ್ತಿಗೆ ಮುಟ್ಟಿ ನೋಡಿದರು. ತಮ್ಮ ಗುರುವಿಗೆ ಕಡೆಗಾಲದಲ್ಲಿ ಇದೇ ಸೂಜಿ ಚುಚ್ಚುತ್ತಿದ್ದವರು ಅವರು. ಈ ತಣ್ಣನೆಯ ಬೆವರು ಅವರಿಗೆ ಗೊತ್ತಿತ್ತು.

ಹಿಂದಿನ ಸಂಜೆಯಿಂದ ಹಿಡಿದ ಮೌನ ಅಲ್ಲಿಗೆ ಮುಗಿಯಿತು.

"ಸೂಜಿ ಚುಚ್ಕೊಂಡಾಳೇನು?"

"ಹೌದ್ರಿ," ಎಂದಳು ಶೋಭಾ.

"ಉಂಡಾಳೇನು?"

"ಇಲ್ರಿ. ಸರ್ ಬ್ಯಾಡ ಅಂದ್ರು."

ಅಜ್ಜ ಒಮ್ಮೆ ವಾಮನನನ್ನು ನೋಡಿದರು. ಗುಡಿಯೊಳಗೆ ಓಡಿದರು.

ದೇವರ ಅಭಿಷೇಕಕ್ಕೆ ಇಟ್ಟ ಜೇನಿನ ಬಟ್ಟಲು ಅಲ್ಲಿತ್ತು. ಅದರ ಮೇಲೂ ದರ್ಭೆ. ಕಿತ್ತು ಒಗೆದು, ಬಟ್ಟಲು ಹಿಡಿದು ಬಂದರು. ಬಸಗೌಡ ಅಡ್ಡ ನಿಂತ.

"ಅಜ್ಜಾರ, ಇನ್ನ ಗ್ರಹಣ ಬಿಟ್ಟಿಲ್ರಿ. ಅದು ದೇವರ ಜೇನು. ಆಕಿ ಮೈಮ್ಯಾಲ ತಾಯಿ ಅದಾಳ."

"ತಾಯಿ ಇದ್ರ ತಾಯಿಗೂ ಹಸಿವ್ಯಾಗೇತಿ! ಸರಿ ಆಚೆ!"

ನೆಲಕ್ಕೆ ಕೂತು, ಸಾವಂತ್ರೆವ್ವನ ತಲೆಯನ್ನು ಶೋಭಾಳ ತೊಡೆಯ ಮೇಲೆ ಎತ್ತಿಸಿ, ಬೆರಳಿಗೆ ಜೇನು ಹಚ್ಚಿ ಅವಳ ಕೆನ್ನೆಯ ಒಳಗೆ ಸವರಿದರು. ಅವಳು ಬೆರಳು ಕಚ್ಚಿದಳು. ಅಜ್ಜ ಬೆರಳು ತೆಗೆಯಲಿಲ್ಲ.

"ನುಂಗವ್ವಾ. ಬೈಯಿ, ಕಚ್ಚು, ಏನರ ಮಾಡು. ನುಂಗು."

ಬಟ್ಟಲಿನ ಜೇನು ಇಳಿಯುತ್ತ ಬಂತು. ಬಹಳ ಹೊತ್ತಿನ ಮೇಲೆ ಅವಳ ಕಣ್ಣು ಒಂದು ಕಡೆ ನಿಂತಿತು. ಮಗಳ ಮುಖ ಗುರುತು ಹಿಡಿಯಿತು.

"ಶೋಭಾ? ಯಾಕ ಅಳಾಕತ್ತಿ?"

ಆಮೇಲೆ ಗದ್ದಕ್ಕೆ ಅಂಟಿದ ಜೇನು ಅವಳ ಕೈಗೆ ಹತ್ತಿತು. ಮೇಲೆ ನೋಡಿದಳು. ಬಿಸಿಲು ಇನ್ನೂ ಸಪ್ಪಗೇ ಇತ್ತು. ಏನಾಯಿತೆಂದು ಅವಳಿಗೆ ತಿಳಿಯಿತು.

ಅವಳಿಗೂ ಸಿಟ್ಟು ಬಂತು. ಅಜ್ಜನ ಮೇಲೆ.

"ಏನ್ ಮಾಡಿದ್ರಿ, ಅಜ್ಜಾರ? ಹುಟ್ಟಿದಾಗಿಂದ ಗ್ರಹಣದಾಗ ಒಂದ್ ಹನಿ ನೀರು ಕುಡಿದಾಕಿ ಅಲ್ಲ ನಾ. ನಿಮ್ಮ ಕೈಲೇ ನನ್ನ ನೇಮ ಕೆಡಿಸಿದ್ರಲ್ಲ!"

ಅಜ್ಜ ಬಟ್ಟಲು ಕೆಳಗಿಟ್ಟರು. ಶೋಭಾಗೆ ಹೇಳಿದರು: "ಒಳಗ ರೊಟ್ಟಿ ಐತಿ. ತಗೊಂಬ."

ನಿನ್ನೆಯ ಜೋಳದ ರೊಟ್ಟಿ ಬಂತು. ಅಜ್ಜ ಒಂದು ತುಂಡು ಮುರಿದು ಎಲ್ಲರೆದುರು ತಮ್ಮ ಬಾಯಿಗೇ ಹಾಕಿಕೊಂಡರು. ಅಗಿದರು. ನುಂಗಿದರು.

"ನನ್ನ ನೇಮನೂ ಹೋತು," ಎಂದರು. "ಈಗ ನೀನೂ ನಾನೂ ಒಂದ. ಉಣ್ಣು."

ಸಾವಂತ್ರೆವ್ವ ಅಳುತ್ತ ಉಂಡಳು. ಯಾರದೋ ಗಾಡಿಯಲ್ಲಿ ಕೂರಿಸಿ ಅವಳನ್ನು ಆಸ್ಪತ್ರೆಗೆ ಕಳಿಸಿದರು. ಸೂರ್ಯ ಆಗಷ್ಟೇ ಪೂರ್ತಿ ಬಿಟ್ಟಿದ್ದ.

ಜನ ಚದುರಿದ ಮೇಲೆ ಪಾವಟಿಗೆಯ ಮೇಲೆ ಗುರು ಶಿಷ್ಯ ಇಬ್ಬರೇ ಉಳಿದರು. ಅಜ್ಜ ಒದ್ದೆ ಪಂಚೆಯಲ್ಲೇ ಇದ್ದರು.

ವಾಮನನೇ ಮೊದಲು ಮಾತಾಡಿದ.

"ಅಜ್ಜಾ, ನಾ ಸೂಜಿ ಬ್ಯಾಡ ಅಂದಿಲ್ಲ. ಬ್ಯಾರೆ ಯಾರರ ಆಗಿದ್ರ ಔಷಧನೂ ತಗೋಬ್ಯಾಡ ಅಂತಿದ್ರು."

"ಅವರು ಹಂಗ ಅಂದಿದ್ರ ಅದೂ ತಪ್ಪ. ಆದ್ರ ಆಕಿ ಇವತ್ತ ಹಿಂಗ ಬೀಳ್ತಿರ್ಲಿಲ್ಲ. ಡಾಕ್ಟರ್ ಹೇಳಿದಂಗ ಮಾಡಿದ್ರ ಉಂಡು ಆರಾಮ ಇರ್ತಿದ್ಲು. ನೀ ಏನ್ ಮಾಡಿದಿ? ಅತ್ಲಾಗಿಂದ ಅರ್ಧ ಹರಿದಿ, ಇತ್ಲಾಗಿಂದ ಅರ್ಧ ಹರಿದಿ, ಎರಡೂ ಕೂಡಿಸಿ ಹೊಲಿದು ಆಕಿ ಹೆಣಕ್ಕ ಹೊಚ್ಚಾಕ ಬಟ್ಟಿ ಮಾಡಿದಿ. ಇದ ಏನು ನಿನ್ನ ಸಮನ್ವಯ?"

ವಾಮನ ತಲೆ ತಗ್ಗಿಸಿದ.

"ತಲಿ ಎತ್ತು. ಶೋಭಾ ಬಂದು ಕೇಳಿದಾಗ ನಿನಗ ಗೊತ್ತಾಗಿತ್ತೋ ಇಲ್ಲೋ?"

ವಾಮನ ನದಿಯ ಕಡೆ ಮುಖ ತಿರುಗಿಸಿದ.

"ಹೇಳೋ!"

"ಗೊತ್ತಾಗಿತ್ತು."

ಅಜ್ಜ ಕೈ ಎತ್ತಿದರು. ಕಚ್ಚಿದ ಬೆರಳಿನಿಂದ ರಕ್ತ ಮೊಣಕೈಗೆ ಇಳಿದಿತ್ತು. ಹೊಡೆಯಲಿಲ್ಲ. ಕೈ ಇಳಿಸಿ ನೀರಿಗೆ ಉಗುಳಿದರು.

ವಾಮನ ಎದ್ದ. ಪಡಸಾಲೆಯ ಮೂಲೆಯಲ್ಲಿ ಜನರಿಗೆ ಹಂಚಲು ಇಟ್ಟಿದ್ದ ದರ್ಭೆಯ ಕಟ್ಟನ್ನು ಹೊತ್ತು ತಂದು ನದಿಗೆ ಎಸೆದ. ಅವನ ಮುಖ ಕೆಂಪಾಗಿತ್ತು.

"ಎಲ್ಲಾ ಸುಳ್ಳು! ಗುಡಿ ಸುಳ್ಳು, ನೇಮ ಸುಳ್ಳು, ಜಪ ಸುಳ್ಳು. ನಾ ವಾಪಸ್ ಕಾಲೇಜಿಗೆ ಹೋಗ್ತೇನಿ. ಊರೂರಿಗೆ ಹೋಗಿ, ಇದೆಲ್ಲಾ ದಡ್ಡರು ಕಟ್ಟಿದ ಕಥಿ ಅಂತ ಹೇಳ್ತೇನಿ. ವಿಜ್ಞಾನ ಒಂದ ಖರೆ."

ಅಜ್ಜನ ಸಿಟ್ಟು ಇಳಿಯುವ ಬದಲು ಏರಿತು.

"ಮೊನ್ನೆ ಎಲ್ಲಾ ಖರೆ ಅಂದಿ, ನೋಡಿರ್ಲಿಲ್ಲ. ಇವತ್ತ ಎಲ್ಲಾ ಸುಳ್ಳು ಅಂತಿ, ಇವತ್ತೂ ನೋಡಿಲ್ಲ. ಇದನ್ನ ವಿಜ್ಞಾನ ಅನ್ನಾಕ ನಾಚಿಕಿ ಬರೂದಿಲ್ಲೇನು ನಿನಗ? ವಿಜ್ಞಾನನೂ ನಿನಗ ಪ್ರವಚನದ ಕುರ್ಚಿನ ಆತು."

ವಾಮನನೂ ಈಗ ಗುರು ಎಂಬುದನ್ನು ಮರೆತ.

"ಮತ್ತ ನೀವ್ಯಾಕ ನೀರಾಗ ನಿಂತ್ರಿ? ಚಂದ್ರ ಅಡ್ಡ ಬರ್ತಾನ, ಅಷ್ಟ. ನಿಮಗ ಗೊತ್ತದ."

"ಗೊತ್ತೈತಿ. ನಿಂಬಿಹಣ್ಣು ಇಟ್ಟು ನೀನ ತೋರ್ಸಿದಿ."

"ನೀವು ನೀರಾಗ ನಿಂತ್ರ ಸೂರ್ಯಗ ಏನಾಗ್ತದ?"

"ಏನೂ ಆಗೂದಿಲ್ಲ."

"ನಿಮಗ?"

"ಥಂಡಿ ಆಗ್ತೈತಿ."

"ಹಂಗಾದ್ರ ಯಾಕ?"

ಅಜ್ಜ ನದಿಯ ಕಡೆ ನೋಡಿದರು.

"ದಿನಾ ಬೆಳಕು ಕೊಡಾಂವ ಹಾಡಹಗಲ ಕಪ್ಪಾಗ್ತಾನ. ಆ ಹೊತ್ತಿನ್ಯಾಗ ನನ್ನ ಬಾಯಿಗೆ ತುತ್ತು ಏರೂದಿಲ್ಲ. ಅವನ ಹೆಸರು ಹಿಡ್ಕೊಂಡು ನಿಂದರಬೇಕು ಅನಸ್ತೈತಿ. ನಿಂದರ್ತೀನಿ. ಇದಕ್ಕ ಕಿರಣ ಬ್ಯಾಡ, ಕ್ರಿಮಿ ಬ್ಯಾಡ. ಇದು ನಂದು. ಇನ್ನೊಬ್ಬರ ಹೊಟ್ಟಿ ಮ್ಯಾಲ ಹೇರೂ ಹಕ್ಕು ನನಗಿಲ್ಲ."

"ಕಾರಣ ಇಲ್ದ ಮಾಡೋದು ಅಂದ್ರ..."

"ನಿಮ್ಮವ್ವ ಸತ್ತಾಗ ಅತ್ತಿದ್ದೇನು?"

ವಾಮನ ಬೆಚ್ಚಿದ. "ಅತ್ತಿದ್ದೆ."

"ಅಳೂದರಿಂದ ಏನ್ ಉಪಯೋಗ ಅಂತ ಯಾರರ ಕೇಳಿದ್ರ ಏನ್ ಹೇಳ್ತಿದ್ದಿ? ಕಣ್ಣೀರಿನಿಂದ ಕಣ್ಣು ಸ್ವಚ್ಛ ಆಗ್ತಾವ, ಪಕ್ಕಾ ಸೈನ್ಸ್ ಅಂತಿದ್ದೇನು?"

ವಾಮನ ಪಾವಟಿಗೆಯ ಮೇಲೆ ಕುಸಿದು ಕೂತ. ಅವನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಎಷ್ಟೋ ಹೊತ್ತು ಅತ್ತ. ಅಜ್ಜ ಸಮಾಧಾನ ಮಾಡಲಿಲ್ಲ. ಎದ್ದು ಹೋಗಲೂ ಇಲ್ಲ.

ಕೆಲವು ದಿನ ಪ್ರವಚನ ನಡೆಯಲಿಲ್ಲ. ಜನ ಬಂದು ಕೇಳಿ ಕೇಳಿ ಹೋಗುತ್ತಿದ್ದರು. ಹೋಗುವಾಗ ದೇವರ ಜೇನು ಇದ್ದರೆ ಕೊಡಿ ಎನ್ನುತ್ತಿದ್ದರು. ಗ್ರಹಣದ ಜೇನಿಗೆ ಸತ್ತವರನ್ನು ಎಬ್ಬಿಸುವ ಶಕ್ತಿಯಿದೆ ಎಂದು ಊರಿನಲ್ಲಿ ಸುದ್ದಿ ಹಬ್ಬಿತ್ತು.

ಒಂದು ಸಂಜೆ ಸಾವಂತ್ರೆವ್ವ ಮಗಳೊಂದಿಗೆ ಬಂದಳು. ಕೈಯಲ್ಲಿ ಕಾಯಿ, ಹೂವು. ಅವಳನ್ನು ನೋಡಿ ಜನ ಕೂಡಿದರು. ಅವಳು ನೇರವಾಗಿ ವಾಮನನ ಹತ್ತಿರ ಬಂದು ಕಾಲಿಗೆ ಬಾಗಿದಳು.

"ಸರ, ತಪ್ಪು ನಂದ್ರಿ. ದರ್ಭೆ ಬಾಟ್ಲಿ ಮ್ಯಾಲ ಅಡ್ಡ ಇಟ್ಟಿದ್ದೆ. ಉದ್ದ ಇಡಬೇಕಿತ್ತೇನ್ರಿ?"

ವಾಮನ ಕಾಲು ಹಿಂದಕ್ಕೆ ಎಳೆದುಕೊಂಡ.

"ಈ ಹುಣ್ಣಿಮಿಗೆ ಚಂದ್ರಗ್ರಹಣ ಐತಂತ. ಸಂಜಿ ಸೂಜಿ ಚುಚ್ಕೊಂಡು ಉಪಾಸ ಮಲಗ್ತೀನಿ. ಈ ಸಲ ದರ್ಭೆ ಸರಿಯಾಗಿ ಇಡ್ತೀನಿ. ಹೆಂಗ ಇಡಬೇಕು ಒಮ್ಮೆ ತೋರ್ಸಿಕೊಡ್ರಿ."

ಶೋಭಾಳ ತಾಳ್ಮೆ ಹರಿಯಿತು.

"ಕೇಳಿದ್ರೇನ್ರಿ ಸರ? ನಾ ಹೇಳಿ ಹೇಳಿ ಸಾಕಾತು. ಡಾಕ್ಟರ್ ಹೇಳಿದ್ರೂ ಕೇಳವಲ್ಲಳು. ಮಲಗಿದಲ್ಲೇ ಹೋದ್ರ ಯಾರಿಗೂ ಗೊತ್ತಾಗೂದಿಲ್ಲ. ನೀವ ಹಚ್ಚಿದ್ದು ಇದು. ನೀವ ಬಿಡಿಸ್ರಿ!"

ವಾಮನ ಸಾವಂತ್ರೆವ್ವನ ಮುಂದೆ ನೆಲದ ಮೇಲೆ ಕೂತ. ಎಲ್ಲರಿಗೂ ಕೇಳುವಂತೆ ಹೇಳಿದ:

"ಅಮ್ಮಾ, ದರ್ಭೆ ಯಾವ ಕಿರಣಾನೂ ತಡಿಯೂದಿಲ್ಲ. ಅಂಥಾ ಕಿರಣನ ಇಲ್ಲ. ನಾ ಎಲ್ಲೂ ಓದಿಲ್ಲ. ಮಂದಿ ಚಪ್ಪಾಳಿ ಹೊಡಿಲಿ ಅಂತ ಬಾಯಿಗೆ ಬಂದಿದ್ದು ಹೇಳಿದೆ. ಸೂಜಿ ಚುಚ್ಕೊಂಡು ಉಣ್ಣದಿದ್ರ ಜೀವ ಹೋಗ್ತದ. ಅವತ್ತ ನೀವು ಬಿದ್ದಾಗ ನನಗ ಗೊತ್ತಾಗಿತ್ತು. ಗೊತ್ತಾಗೀನೂ ಸುಮ್ಮನ ನಿಂತೆ."

ಸಾವಂತ್ರೆವ್ವನ ಕಣ್ಣು ತುಂಬಿ ಬಂತು. ಅವಳು ಕೈ ಮುಗಿದಳು.

"ದೊಡ್ಡವರು ನೀವು. ನನ್ನ ತಪ್ಪು ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ."

"ನೋಡ್ರಿ, ಎಂಥಾ ವಿನಯ!" ಎಂದ ಬಸಗೌಡ. "ಓದಿದವರಂದ್ರ ಹಿಂಗಿರಬೇಕು."

"ವಿನಯ ಅಲ್ರೀ!" ವಾಮನ ಚೀರಿದ. "ಖರೇನ ಹೇಳ್ಲಿಕ್ಕತ್ತೇನಿ! ನಾ ಸುಳ್ಳು ಹೇಳಿದೆ!"

"ಆತ್ರಿ ಸರ, ಆತ್ರಿ. ಸಿಟ್ಟಾಗಬ್ಯಾಡ್ರಿ." ಸಾವಂತ್ರೆವ್ವ ಮಗುವನ್ನು ರಮಿಸುವಂತೆ ಹೇಳಿದಳು. ಆಮೇಲೆ ಶೋಭಾಳ ಕಡೆ ಬಾಗಿ ಪಿಸುಗುಟ್ಟಿದಳು: "ಉದ್ದ ಇಟ್ರಾತು."

ಹಿಂದಿನಿಂದ ಯಾರೋ ಚಪ್ಪಾಳೆ ಶುರು ಮಾಡಿದರು. ಎಲ್ಲರೂ ತಟ್ಟಿದರು. ಅಂದಿನಷ್ಟು ಜೋರಾದ ಚಪ್ಪಾಳೆ ಆ ಪಡಸಾಲೆಯಲ್ಲಿ ಹಿಂದೆಂದೂ ಬಿದ್ದಿರಲಿಲ್ಲ.

ವಾಮನ ಎರಡೂ ಕಿವಿ ಮುಚ್ಚಿಕೊಂಡು ಅಲ್ಲಿಂದ ಓಡಿದ.

ಅಜ್ಜ ನದಿಯಲ್ಲಿ ಪಂಚೆ ಒಗೆಯುತ್ತಿದ್ದರು.

"ಅಜ್ಜಾ, ನಂಬವಲ್ರು! ಎಲ್ಲಾರ ಮುಂದ ಖರೇ ಹೇಳಿದೆ. ಚಪ್ಪಾಳಿ ಹೊಡಿತಾರ. ಆಕಿ ಹುಣ್ಣಿಮಿಗೆ ಮತ್ತ ಅದನ್ನ ಮಾಡ್ತಾಳ. ನೀವರ ಹೇಳ್ರಿ. ನಿಮ್ಮ ಮಾತು ಕೇಳ್ತಾಳ."

"ಹೇಳೇನಿ. ನಿನ್ನೆ ಆಕಿ ಮನಿಗೇ ಹೋಗಿದ್ದೆ."

"ಏನಂದ್ಲು?"

"ಕಾಲಿಗೆ ಬಿದ್ಲು, ಚಹಾ ಕೊಟ್ಲು. 'ಅಜ್ಜಾರ, ನಿಮಗ ಸೈನ್ಸ್ ತಿಳಿಯೂದಿಲ್ರಿ' ಅಂದ್ಲು."

ವಾಮನ ನೀರಿನಂಚಿಗೆ ಕುಕ್ಕರಿಸಿದ. ಮುಖ ಬಿಳಚಿಕೊಂಡಿತ್ತು.

"ಆಕಿ ಸತ್ರ ನಾ ಕೊಂದಂಗ."

"ಹೌದು," ಎಂದರು ಅಜ್ಜ.

"ನಾ ಏನ್ ಮಾಡ್ಲಿ, ಅಜ್ಜಾ?"

ಅಜ್ಜ ಪಂಚೆಯನ್ನು ಕಲ್ಲಿಗೆ ಬಡಿದು, ಹಿಂಡಿ, ಹೆಗಲ ಮೇಲೆ ಹಾಕಿಕೊಂಡರು. ಅವರ ದನಿಯಲ್ಲಿ ಸಿಟ್ಟು ಹಾಗೇ ಇತ್ತು.

"ನಿನ್ನ ಸುಳ್ಳು ನಂಬಾಕ ಆಕಿಗೆ ಒಂದ ಸಂಜಿ ಸಾಕಾತು. ಖರೇ ನಂಬಾಕ ಎಷ್ಟ್ ದಿನಾ ಬೇಕೋ ನನಗ ಗೊತ್ತಿಲ್ಲ. ಇಲ್ಲಿ ಕುಂತು ಅಳಬ್ಯಾಡ, ನಡಿ. ಹೋಗಿ ಆಕಿ ಅಡಗಿಮನಿ ಬಾಗಿಲದಾಗ ಕುಂದ್ರು. ಗ್ರಹಣದ ದಿನ ಆಕಿ ಉಂಡ ಮ್ಯಾಲ ನೀ ಉಣ್ಣು."